ಮೂಕ ತಂತಿ

ಮಾರ್ಚ್ ೧೪, ಶನಿವಾರ

ಕರೆಂಟು ಹೋಯಿತೆಂದು ಯುಪಿಎಸ್ ಹೇಳಬೇಕು, ಕಂಪ್ಯೂಟರ್ ಮರ್ಯಾದೆಯಾಗಿ ಮಲಗಬೇಕು. ಇಂದೂ ಹೇಳಲಿಲ್ಲ. ಯುಪಿಎಸ್‌ನ ಬ್ಯಾಟರಿ ಬರಿದಾಗಿ ಆ ಅಂಗೈಯಗಲದ ಕಂಪ್ಯೂಟರ್ ದಿಢೀರನೆ ಸತ್ತಿತು. ಅದರಲ್ಲಿದ್ದ, ತೀರಿಹೋದ ಅಪ್ಪ ನಟಿಸಿದ್ದ ನಾಲ್ಕಂಕದ ನಾಟಕದ ಧ್ವನಿಮುದ್ರಣದಲ್ಲಿ ಮೂರನೆಯ ಅಂಕವೂ ಹಾಳು!

ನಮ್ಮ ಭಾವ ಎಂಬ ಮಹಾಪಂಡಿತರು ಮೂರು ದಿನದಿಂದ ಯುಪಿಎಸ್ ಮಾತು ಕೇಳಿಸಿಕೊಳ್ಳುವ ಪ್ರೋಗ್ರಾಮ್ ಅಳಿಸುತ್ತಾರೆ, ಮತ್ತೆ ಹಾಕುತ್ತಾರೆ. ಆಹಾ, ಏನು ಗತ್ತು! "ಈ ಯುಪಿಎಸ್ ಡಬ್ಬಾನೇ ದಂಡ ಕಣಯ್ಯ, ಬಿಸಾಕು" ಎಂದರು.

ಅಕ್ಕ ಯುಪಿಎಸ್‌ಗೂ ಕಂಪ್ಯೂಟರಿಗೂ ನಡುವಿನ ತಂತಿ ಎತ್ತಿ ಹಿಡಿದಳು. "ರೀ, ಇದು ನನ್ನ ಟಾರ್ಚಿನ ಚಾರ್ಜಿಂಗ್ ವೈರು. ಇದ್ರಲ್ಲಿ ಕರೆಂಟು ಬಿಟ್ರೆ ಬೇರೇನೂ ಹೋಗಲ್ಲ."

ಬೇರೆ ತಂತಿ ಹಾಕಿದೊಡನೆ ಯುಪಿಎಸ್ ಬಾಯಿಬಿಟ್ಟಿತು. ಭಾವನ ಮುಖ ನೋಡಿ ಗಹಗಹಿಸಿದೆ.

"ನೀನ್ಯಾಕೋ ಕುಣೀತೀಯ? ಅದನ್ನ ಸಿಕ್ಕಿಸಿದ್ದು ನೀನೇ ಅಲ್ವೇನೋ?" ಎಂದಳು ಅಕ್ಕ.

ಹೌದು, ಈ ಮೂರ್ಖನೇ. ಉಳಿದ ಒಂದೇ ಅಂಕದಲ್ಲಿ ಅಪ್ಪನಿಗಿರುವುದು ಒಂದೇ ಮಾತು. ಅದನ್ನು ಕೇಳಲು ಕೂತರೆ ಮತ್ತೆ ಕರೆಂಟು ಹೋಯಿತು; ಈ ಸಲ ಯುಪಿಎಸ್ ಹೇಳಿತು, ಕಂಪ್ಯೂಟರ್ ಮರ್ಯಾದೆಯಾಗಿ ಮಲಗಿತು.