ಎರವಲು ತಂದ ಬಟ್ಟೆ

ಮೌಂಟನ್ ವ್ಯೂ
ಮಾರ್ಚ್ ೯

ಪದ್ಮಜಕ್ಕನಿಗೆ,

ನಾನೂರು ವರ್ಷದ ಹಿಂದೆ ಇಂಗ್ಲೆಂಡಿನ ಹೆಂಗಸರು ಬಾಣಂತಿಯ ಹೊದಿಕೆ, ಮಗುವಿನ ಟೋಪಿ ಎಲ್ಲವನ್ನೂ ಒಬ್ಬರಿಂದೊಬ್ಬರು ಎರವಲು ಪಡೆಯುತ್ತಿದ್ದರು. ಲೈಬ್ರರಿಯಲ್ಲಿ ನಾನು ನಕಲು ಮಾಡುವ ಹಳೆಯ ಪತ್ರಗಳಲ್ಲಿ ಅದನ್ನು ಓದಿ ಹೇಳಿದಾಗ ನೀವು ನಕ್ಕಿದ್ದಿರಿ. "ಅವ್ರೂ ನಮ್ ಥರಾನೇ ಕಣೇ. ಹುಟ್ಟೋಕ್ ಮುಂಚೆ ಹೊಸದು ತರಬೇಡ, ನಮ್ ತನ್ವಿ ಹಾಕ್ಕೊಂಡಿದ್ದೇ ತಗೊಂಡ್ ಹೋಗು" ಎಂದು ಚೀಲ ತುಂಬಿ ಕೊಟ್ಟಿರಿ.

ಆ ಬಟ್ಟೆಗಳನ್ನು ಒಗೆದು, ನನ್ನ ಗಂಡನ ಕೈಯಲ್ಲಿ ಕಳಿಸುತ್ತಿದ್ದೇನೆ. ಹಳದಿ ಅಂಗಿ ಮಾತ್ರ ಇಲ್ಲ. ಆಸ್ಪತ್ರೆಯಲ್ಲಿ ಮಗುವಿಗೆ ಅದನ್ನೇ ಹಾಕಿದ್ದೆವು. ಮಣ್ಣಿಗಿಡುವಾಗ ತೆಗೆಯಲು ಮನಸ್ಸಾಗಲಿಲ್ಲ. ನಿಮ್ಮನ್ನು ಕೇಳಬೇಕಾಗಿತ್ತು, ಆಗ ಹೊಳೆಯಲಿಲ್ಲ.

ನಿಮ್ಮ ತಂಗಿ ಶರಣ್ಯಾಗೆ ಜೂನ್‌ನಲ್ಲಿ ಹೆರಿಗೆಯಲ್ಲವೇ? ಈ ಚೀಲ ಅವಳಿಗೆ ಹೋದರೆ ನನಗೆ ಸಮಾಧಾನ. ಆದರೆ ಇದು ನಮ್ಮ ಮನೆಗೆ ಬಂದು ಹೋದದ್ದನ್ನು ಮೊದಲೇ ಹೇಳಿಬಿಡಿ. ಮಗುವನ್ನು ಕಳೆದುಕೊಂಡವಳ ಮನೆಯಿಂದ ಬಂದ ಬಟ್ಟೆಯನ್ನು ಇನ್ನೊಬ್ಬ ಬಸುರಿ ಬೇಡವೆಂದದ್ದು ಆ ಪತ್ರಗಳಲ್ಲಿ ಎಲ್ಲಿಯೂ ಇಲ್ಲ. ಹೋದ ವಾರವೆಲ್ಲ ಹುಡುಕಿದೆ.

ಅವಳನ್ನು ಒತ್ತಾಯಿಸಬೇಡಿ. ಅವಳು ಏನೆಂದಳೆಂದು ನನಗೆ ತಿಳಿಸುವುದೂ ಬೇಡ.

ನಿಮ್ಮ
ನಂದಿತಾ