ನೀಲಿ ಚಾಪೆಯ ಮೇಲೆ ಫಜರ್

ಅಬ್ಬಾ,

ಸೊಂಟನೋವಿಗೆ ಅಂತ ಯೋಗ ಕಲಿತರೆ ನಮ್ಮಲ್ಲಿ ತಪ್ಪಾಗುತ್ತೇನೋ ಎಂದು ಒಳಗೊಳಗೇ ಹೆದರಿ, ನೀಲಿ ಚಾಪೆಯನ್ನು ನಮಾಜಿನ ಚಾಪೆಗಳ ಹಿಂದೆ ಬಚ್ಚಿಟ್ಟಿದ್ದೆ. ನಿನ್ನೆ ಕರೆಂಟ್ ಹೋದ ಕತ್ತಲಲ್ಲಿ ನೀವು ಅದನ್ನೇ ಹಾಸಿ ಬೆಳಗಿನ ಫಜರ್ ನಮಾಜು ಮುಗಿಸಿದಿರಿ! "ಮಂಡಿಗೆ ಹಿತವಾಗಿತ್ತು ಕಣೇ, ಯಾರದಿದು?" ಅಂದಿರಿ. ನಾನು ಎಲ್ಲ ಹೇಳಿ ಅತ್ತೇಬಿಟ್ಟೆ. ನೀವು ಬೈಯಲಿಲ್ಲ, ಕೇಳಲು ನನಗೆ ನಾಚಿಕೆಯೆಂದು, ಯೋಗ ಮಾಡಬಹುದೇ ಅಂತ ಇಮಾಮ್ ಸಾಹೇಬರನ್ನು ನೀವೇ ಕೇಳಿಬಂದಿರಿ. "ವ್ಯಾಯಾಮಕ್ಕೆ ಅಡ್ಡಿಯಿಲ್ಲ, ಮಂತ್ರ, ಸೂರ್ಯನಮಸ್ಕಾರ ಬೇಡ" ಅಂದರಂತೆ. ಎದೆ ಎಷ್ಟು ಹಗುರಾಯ್ತು ಗೊತ್ತಾ?

ಸಾಲ್ಟ್ ಲೇಕ್ ಬಡಾವಣೆಯ ಯೋಗ ಕ್ಲಾಸಿಗೆ ಹೊರಟೆ. ಚಹಾ ಫ್ಲಾಸ್ಕಿನಲ್ಲಿದೆ. ಬಿಪಿ ಮಾತ್ರೆ ಮರೆತರೆ ಜಗಳ! ಬರುವಾಗ ನಿಮಗೂ ಅಂಥದ್ದೇ ಚಾಪೆ ತರ್ತೀನಿ.

ಟೀಚರಿಗೆ ಹೇಳಬೇಕಾದ್ದನ್ನು ಈಗಷ್ಟೇ ಕನ್ನಡಿ ಮುಂದೆ ಜೋರಾಗಿಯೇ ಹೇಳಿದೆ: "ಮಂತ್ರ ಹೇಳಲ್ಲ, ಸೂರ್ಯನಮಸ್ಕಾರ ನಾನು ಮಾಡಲ್ಲ, ಮಿಕ್ಕಿದ್ದೆಲ್ಲ ಮನಸಾರೆ ಮಾಡ್ತೀನಿ."

ರುಖಿಯಾ