ನೀರು ಕಾಣದ ದೋಣಿ

ಆಲ್ಡರ್ ಕೋವ್, ವಾಷಿಂಗ್ಟನ್
೧೦ ಮಾರ್ಚ್ ೨೦೧೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಸಿಗ್ನಿ,

ಸೊಂಟದ ನೋವು ಹೇಗಿದೆ? ಆಪರೇಷನ್ನಿನ ಹೊಲಿಗೆ ಬಿಚ್ಚಿದರು ಎಂದು ಮಗಳು ಕಾರ್ಲಾ ಫೋನಿನಲ್ಲಿ ಹೇಳಿದಳು. ಇನ್ನೊಂದು ವಿಷಯವನ್ನೂ ಹೇಳಿದಳು. ನಡಿಗೆ ಕಲಿಸಲು ಬರುವ ನರ್ಸನ್ನು ನೀನು ಮೂರು ದಿನದಿಂದ ಬಾಗಿಲಲ್ಲೇ ತಿರುಗಿಸಿ ಕಳಿಸುತ್ತಿದ್ದೀಯಂತೆ. "ಈ ವಯಸ್ಸಲ್ಲಿ ನಡೆದು ಯಾವ ರಾಜ್ಯ ಗೆಲ್ಲಬೇಕು" ಅಂದೆಯಂತೆ. ಈಗ ನಡೆಯದಿದ್ದರೆ ಮುಂದೆ ಗಾಲಿಕುರ್ಚಿಯೇ ಗತಿ ಎಂದು ಡಾಕ್ಟರ್ ಹೇಳಿದ್ದನ್ನು ನಾವಿಬ್ಬರೂ ಕೇಳಿಸಿಕೊಂಡಿದ್ದೇವೆ. ನಾನು ಬೈಯುವುದಿಲ್ಲ. ನಿನ್ನನ್ನು ಬೈದು ಗೆದ್ದ ಗಂಡಸು ಇನ್ನೂ ಹುಟ್ಟಿಲ್ಲ. ನಾನು ಚೆನ್ನಾಗಿದ್ದೇನೆ. ಕಾರ್ಲಾಳ ಮನೆಗೆ ಹೊರಡುವ ಮುಂಚೆ ನೀನು ಮಾಡಿಟ್ಟ ಸೂಪು ಬುಧವಾರವೇ ಮುಗಿಯಿತು, ಈಗ ಮೂರು ಹೊತ್ತೂ ಮೊಟ್ಟೆ.

ನೀನು ಹೇಳಿದ ಹಾಗೆ ನಿನ್ನೆ ನಿನ್ನ ಬದಲಿಗೆ ಕಾಲೇಜಿನ ದೋಣಿಮನೆಗೆ ಹೋದೆ. ಇಸ್ತ್ರಿ ಮಾಡಿದ ಅಂಗಿಯನ್ನೇ ಹಾಕಿದ್ದೆ. ಹಿತ್ತಲ ತೊರೆಯ ನೀರನ್ನು ಜಾಮ್ ಬಾಟಲಿಯಲ್ಲಿ ತುಂಬಿಕೊಂಡಿದ್ದೆ. ಹೊಸ ದೋಣಿಗೆ ದುಡ್ಡು ಕೊಟ್ಟವರೆಲ್ಲ ತಂತಮ್ಮ ಮನೆಯ ನೀರು ತಂದು ಅದರ ಮೂತಿಗೆ ಹುಯ್ಯಬೇಕು, ಆಮೇಲಷ್ಟೇ ಅದು ಸರೋವರಕ್ಕೆ ಇಳಿಯಬೇಕು ಎನ್ನುವ ನಿಮ್ಮ ಶಾಸ್ತ್ರ ನನಗೆ ಮೊದಲಿಂದಲೂ ಮಕ್ಕಳಾಟವಾಗಿಯೇ ಕಂಡಿತ್ತು. ದುಡ್ಡಿನ ವಿಷಯದಲ್ಲೂ ನಾನು ನಿನ್ನನ್ನು ಕಾಡಿದ್ದು ಕಡಿಮೆಯೇ? ಪ್ರತಿ ವರ್ಷ ನೀನು ಕಾಲೇಜಿಗೆ ಚೆಕ್ ಬರೆಯಲು ಕೂತಾಗ, "ತಂಡದಲ್ಲಿ ಬದಲಿಗೆ ಅಂತ ಇಟ್ಕೊಂಡಿದ್ದೋಳು ನೀನು, ಒಂದು ಪಂದ್ಯದಲ್ಲೂ ಹುಟ್ಟು ಹಾಕಿಲ್ಲ, ನಿಂಗ್ಯಾಕೆ ಈ ಉಸಾಬರಿ" ಅನ್ನುತ್ತಿದ್ದೆ. ನಲವತ್ತು ವರ್ಷ ಇದನ್ನೇ ಅಂದೆ. ನೀನು ನಿನ್ನ ಪಾಡಿಗೆ ಅಂಚೆಚೀಟಿ ಅಂಟಿಸುತ್ತಿದ್ದೆ.

ಉತ್ತರ ಕೊಟ್ಟವಳು ನಿನ್ನ ಗೆಳತಿ ಬೆವರ್ಲಿ. ಎಪ್ಪತ್ತೈದನೇ ಇಸವಿಯಲ್ಲಿ ಕಾಲೇಜಿಗಾಗಿ ಹುಟ್ಟು ಹಾಕಿದ ನಿಮ್ಮ ತಂಡದ ಎಂಟೂ ಜನ ಬಂದಿದ್ದರು, ಎಲ್ಲರಿಗೂ ತಲೆ ಬೆಳ್ಳಗಾಗಿದೆ, ಬಾಯಿ ಮಾತ್ರ ಹಾಗೇ ಇದೆ. "ಅವಳು ನಿಂಗೇನೂ ಹೇಳೇ ಇಲ್ವೇನೋ ಡೆಲ್? ಗಂಡುಹುಡುಗ್ರು ಬೇಡ ಅಂತ ಎಸೆದ ದೋಣಿ ಕಣೋ ನಮ್ಗೆ ಕೊಟ್ಟಿದ್ದು. ಜರಡಿ ಥರ ಸೋರೋದು. ನಾವು ಕಣ್ಣುಜ್ಕೊಂಡು ಬರೋಷ್ಟ್ರಲ್ಲಿ ನಿನ್ನ ಸಿಗ್ನಿ ಟಾರು ಮೆತ್ತಿ ಮುಗಿಸಿರೋಳು. ಚಳೀಲಿ ನೆಂದು ದಡಕ್ಕೆ ಬಂದ್ರೆ ಅವ್ರಪ್ಪನ ಟ್ರಕ್ಕಿನ ಬಾನೆಟ್ ಮೇಲೆ ಎಂಟು ಜೊತೆ ಕಾಲುಚೀಲ, ಎಂಜಿನ್ ಬಿಸೀಗೆ ಬೆಚ್ಚಗೆ. ಎಷ್ಟು ಗೆದ್ವೋ ಎಷ್ಟು ಸೋತ್ವೋ ಒಂದೂ ನೆನಪಿಲ್ಲ. ಆ ಕಾಲುಚೀಲ ಮರ್ತಿಲ್ಲ." ಹಾಗಾದರೆ ನೀವೆಲ್ಲ ದುಡ್ಡು ಕೊಡುವುದು ಕಾಲುಚೀಲಕ್ಕೋ ಎಂದು ನಾನು ಕಿಚಾಯಿಸಿದೆ. ಅವಳು ನಗಲಿಲ್ಲ. "ಮತ್ಯಾತಕ್ಕೆ ಅಂದ್ಕೊಂಡೆ? ಈಗಿನ ತಂಡದ ಹುಡ್ಗೀರ ಕಾಲೂ ತಣ್ಣಗಾಗತ್ತೆ" ಅಂದಳು.

ಅಷ್ಟರಲ್ಲಿ ದೋಣಿ ಹೊರಗೆ ಬಂತು. ಸಿಗ್ನಿ, ನಾನು ಮೂವತ್ತು ವರ್ಷ ಹಡಗಿನ ಎಂಜಿನ್ ರಿಪೇರಿ ಮಾಡಿದವನು, ಭಾರ ಎತ್ತುವವರನ್ನು ಬೇಕಾದಷ್ಟು ನೋಡಿದ್ದೇನೆ. ಆ ತಂಡದ ಚುಕ್ಕಾಣಿ ಹಿಡಿಯುವ ಹುಡುಗಿ ಮರಿಸೋಲ್ ನನ್ನ ಭುಜದಷ್ಟೂ ಎತ್ತರವಿಲ್ಲ. ಅವಳು ಮೆಲ್ಲಗೆ ಒಂದು ಮಾತು ಹೇಳಿದಳು, ಅರವತ್ತಡಿ ದೋಣಿ ಎಂಟು ಹುಡುಗಿಯರ ತಲೆಯ ಮೇಲೆ ನಿಂತಿತ್ತು. ಹದಿನಾರು ಕೈ ಒಂದೇ ಕೈಯಾಗಿತ್ತು. ಯಾರೂ ಏದುಸಿರು ಬಿಡಲಿಲ್ಲ. ನಾನು ಟೋಪಿ ತೆಗೆದಿದ್ದೆ, ಯಾವಾಗ ತೆಗೆದೆನೋ ಗೊತ್ತಿಲ್ಲ. ದಡದಲ್ಲಿ ದೋಣಿಯನ್ನು ಸ್ಟ್ಯಾಂಡಿನ ಮೇಲೆ ಇಳಿಸಿದರು. ನಿನ್ನ ಗೆಳತಿಯರು ಒಬ್ಬೊಬ್ಬರಾಗಿ ನೀರು ಹುಯ್ದರು. ಕೊನೆಗೆ ಮರಿಸೋಲ್ ಮೂತಿಗೆ ಮುಚ್ಚಿದ್ದ ಟವೆಲ್ ಎಳೆದಳು. ಅಲ್ಲಿ ನೀಲಿ ಅಕ್ಷರದಲ್ಲಿ ನಿನ್ನ ಹೆಸರಿತ್ತು. ಬರೀ ಸಿಗ್ನಿ ಅಂತ. ಎಂಟೂ ಗೆಳತಿಯರು ನಿನಗೆ ಗೊತ್ತಾಗದ ಹಾಗೆ ಸೇರಿ ತೀರ್ಮಾನ ಮಾಡಿದ್ದರಂತೆ. ನಾನು ಅತ್ತೆ, ಎಲ್ಲರೆದುರಿಗೇ ಅತ್ತೆ. ನಿನ್ನ ಜೊತೆ ಇಷ್ಟು ವರ್ಷ ಬಾಳಿ ನಿನ್ನನ್ನು ಅರ್ಧವೂ ನೋಡಿರಲಿಲ್ಲ ಅನ್ನಿಸಿತು. ಆ ಹಂಗಿಸಿದ ಮಾತುಗಳಿಗೆಲ್ಲ ನನ್ನನ್ನು ಕ್ಷಮಿಸು.

ಕಾರ್ಲಾಳಿಗೂ ಮಕ್ಕಳಿಗೂ ನನ್ನ ಮುದ್ದು. ಅಳಿಯನಿಗೆ ಕಾರಿನ ಆಯಿಲ್ ಬದಲಿಸಲು ನೆನಪಿಸು.

ನಿನ್ನ ಮೊಂಡ ಗಂಡ,
ಡೆಲ್

ಮರೆತಿದ್ದೆ: ನಮ್ಮ ಬಾಟಲಿಯ ನೀರನ್ನು ನಾನು ಹುಯ್ಯಲು ಹೋದಾಗ ಮರಿಸೋಲ್ ಅಡ್ಡ ಬಂದಳು. "ಹೆಸರಿನವ್ರೇ ಬಂದು ಹುಯ್ಯಬೇಕು ತಾತ, ಅಲ್ಲೀವರ್ಗೂ ಇದು ನೀರಿಗಿಳಿಯಲ್ಲ." ನಾನು ಅವಳ ಗಂಡ ಕಣಮ್ಮ ಅಂದೆ. "ಆದ್ರೇನಂತೆ, ಕಾಲುಚೀಲ ಬೆಚ್ಚಗೆ ಮಾಡಿದ್ದು ನೀವಾ?" ಅಂದಳು. ದೋಣಿಯನ್ನು ಸರೋವರಕ್ಕೆ ಇಳಿಸದೆ ಹಾಗೇ ಒಳಗಿಟ್ಟಿದ್ದಾರೆ, ನಮ್ಮ ಬಾಟಲಿ ಅಲ್ಲೇ ಕಿಟಕಿಯ ಮೇಲಿದೆ. ಮೊದಲ ಪಂದ್ಯ ಏಪ್ರಿಲ್ ಹದಿಮೂರಕ್ಕೆ. ನೀನು ಬರದಿದ್ದರೆ ಹಳೆಯ ದೋಣಿಯಲ್ಲೇ ಹೋಗುತ್ತಾರಂತೆ, ಅದು ಸೋರುತ್ತದೆ. ಟ್ರಕ್ ನಿಲ್ಲಿಸುವ ಜಾಗದಿಂದ ದಡಕ್ಕೆ ನೂರ ಹದಿನೆಂಟು ಹೆಜ್ಜೆ, ನಿನ್ನ ಹಾಗೆ ನಿಧಾನವಾಗಿ ನಡೆದು ನೋಡಿದೆ. ನಾಳೆ ಆ ನರ್ಸನ್ನು ಒಳಗೆ ಬಿಡು. ಅವತ್ತು ಬಾನೆಟ್ ಮೇಲೆ ಒಂದು ಜೊತೆ ಕಾಲುಚೀಲ ಇಟ್ಟುಕೊಂಡು ನಾನು ನಿಂತಿರುತ್ತೇನೆ.